ಪಡುಗಡಲ ಮೂರು ಊರುಗಳೂ ಒಂದು ಹೊಸ ವ್ಯಸನವೂ

ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ಭಟ್ಕಳ, ಹೊನ್ನಾವರ, ಕುಮಟೆಗಳು ತೆಂಕಲಿನಿಂದ ಬಡಗಲಿಗೆ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಂತೆ ಇರುವುವು. ಭಟ್ಕಳದಿಂದ ಹೊನ್ನಾವರಕ್ಕೆ ಸುಮಾರು 40 ಕಿಲೋಮೀಟರು. ಅಲ್ಲಿಂದ ಕುಮಟೆಗೆ ಅದರ ಅರ್ಧ. ಮೂಡಲಲ್ಲಿ ಸಹ್ಯಾದ್ರಿ, ಪಡುವಲಲ್ಲಿ ಕಡಲು. ಇವೆರಡರ ನಡುವಣ ಇಕ್ಕಟ್ಟಾದ ನೆಲದಲ್ಲಿ ಗದ್ದೆ, ತೆಂಗಿನ ತೋಟ, ಹೊಳೆ, ಅಳಿವೆ, ಮತ್ತೆ ಗದ್ದೆ. ಹಾಯಿಹಡಗುಗಳ ಕಾಲದಲ್ಲಿ ಈ ಮೂರೂ ಹೆಸರುವಾಸಿಯಾದ ಬಂದರುಗಳಾಗಿದ್ದವು. ಘಟ್ಟದ ಕರಿಮೆಣಸು ಇಲ್ಲಿಂದ ಹೋಗುತ್ತಿತ್ತು. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಭಟ್ಕಳದಲ್ಲಿ ಇಳಿಯುತ್ತಿದ್ದವು. ಧಾರವಾಡದ ಕಡೆಯ ಹತ್ತಿಯು ಕುಮಟೆಯಲ್ಲಿ ಹಡಗೇರುತ್ತಿದ್ದುದರಿಂದ ಮುಂಬಯಿಯ ಪೇಟೆಯಲ್ಲಿ ಅದಕ್ಕೆ ಕುಮಟೆಯ ಹತ್ತಿಯೆಂದೇ ಹೆಸರು ಬಿದ್ದಿತ್ತು. ಸರಕಿನೊಡನೆ ಸುದ್ದಿಯೂ ಬರುತ್ತಿತ್ತು. ಆದರೆ ಸುದ್ದಿಯು ಗಾಳಿಯನ್ನು ಕಾಯಬೇಕಾಗಿತ್ತು. ಮಳೆಗಾಲದಲ್ಲಿ ಬಂದರು ಮುಚ್ಚಿತೆಂದರೆ ಸುದ್ದಿಯೂ ಮುಚ್ಚಿದಂತೆಯೇ.

ಕಳೆದ ಚಳಿಗಾಲದಲ್ಲಿ ನಾವು ಈ ಮೂರು ಊರುಗಳನ್ನು ಅವಸರವಿಲ್ಲದೆ ನೋಡಿಬರುವ ಸಂಕಲ್ಪದಿಂದ ಹೊರಟೆವು. ದೇವಾಲಯ, ಬಸದಿ, ಹೊಳೆಗಳ ವರ್ಣನೆಯನ್ನು ಬರೆದು ವಾಚಕರಿಗೆ ಒಪ್ಪಿಸಬೇಕೆಂಬುದು ಮೊದಲಿನ ಯೋಚನೆ. ಆದರೆ ಬಸ್ಸಿನಲ್ಲಿ, ಅಂಗಡಿಯಲ್ಲಿ, ಜಗಲಿಯಲ್ಲಿ, ಗುಡಿಯ ಪ್ರಾಕಾರದಲ್ಲಿ ಸಹ ಬಗ್ಗಿದ ಕತ್ತುಗಳೂ ಅಂಗೈಯೊಳಗಣ ಬೆಳಕೂ ಕಣ್ಣಿಗೆ ಬಿದ್ದು ಬಿದ್ದು, ಲೇಖನವು ತಾನಾಗಿಯೇ ಬೇರೊಂದು ದಾರಿಯನ್ನು ಹಿಡಿಯಿತು.

ಭಟ್ಕಳವೆಂಬ ಹೆಸರು ವೈಯಾಕರಣನಾದ ಭಟ್ಟಾಕಳಂಕನಿಂದ ಬಂದಿತೆಂದು ಹೇಳುವವರುಂಟು. ಅದು ಹೇಗಾದರೂ ಇರಲಿ. ಇದೇ ತಾಲೂಕಿನ ಹಾಡುವಳ್ಳಿಯು, ಎಂದರೆ ಶಾಸನಗಳ ಸಂಗೀತಪುರವು, ಆತನ ಗುರುಪರಂಪರೆಯ ಪೀಠವಾಗಿತ್ತು. 1604ರಲ್ಲಿ ಆತನು ಕನ್ನಡ ಭಾಷೆಗೆ ಸಂಸ್ಕೃತದಲ್ಲಿ 592 ಸೂತ್ರಗಳ ಕರ್ಣಾಟಕ ಶಬ್ದಾನುಶಾಸನವನ್ನು ರಚಿಸಿ, ಅದಕ್ಕೆ ವೃತ್ತಿಯನ್ನೂ ವ್ಯಾಖ್ಯಾನವನ್ನೂ ತಾನೇ ಬರೆದನು. ಒಂದು ಅಕ್ಷರವನ್ನು ಉಳಿಸುವುದಕ್ಕಾಗಿ ದಿನಗಟ್ಟಲೆ ಯೋಚಿಸುತ್ತಿದ್ದವರ ಕುಲ ಅದು. ಆಡುವ ಮೊದಲು ತೂಗುವುದನ್ನೇ ವಿದ್ಯೆಯೆಂದು ಬಗೆದವರ ನೆಲದಲ್ಲಿ ನಿಂತು, ಪಕ್ಕದ ಚಾ ಅಂಗಡಿಯ ಬೆಂಚಿನ ಮೇಲೆ ನಾಲ್ವರು ಗೃಹಸ್ಥರು ನಿಮಿಷಕ್ಕೆ ಹತ್ತು ಸಂದೇಶಗಳನ್ನು ಬೆರಳಿನಿಂದ ಅತ್ತ ದೂಡುತ್ತಿದ್ದುದನ್ನು ಕಂಡಾಗ ನಮಗೆ ನಗುವೂ ಬಂದಿತು, ಮರುಕವೂ ಬಂದಿತು.

ಭಟ್ಕಳದ ಖೇತಪೈ ನಾರಾಯಣ ದೇವಾಲಯದ ಶಿಲ್ಪವು ನೋಡತಕ್ಕದ್ದು. ಅದನ್ನು ಕಂಡು ಪೇಟೆಗೆ ಬಂದೆವು. ಇಲ್ಲಿನ ನವಾಯತರ ಮನೆಗಳಲ್ಲಿ ದುಬೈ ಮೊದಲಾದ ಕೊಲ್ಲಿಯ ಊರುಗಳಿಗೆ ದುಡಿಮೆಗೆ ಹೋದವರು ಬಹಳ. ಹಿಂದೆ ಒಂದು ಕಾಗದಕ್ಕೆ ವಾರಗಟ್ಟಲೆ ಕಾಯಬೇಕಾಗಿದ್ದ ತಾಯಂದಿರು ಈಗ ದಿನವೂ ಸಂಜೆ ಮಗನ ಮುಖವನ್ನೇ ನೋಡುವರು. ಇದನ್ನು ಯಾರಾದರೂ ಕೆಡುಕೆಂದರೆ ನಾವು ಒಪ್ಪುವವರಲ್ಲ. ಒಬ್ಬ ವೃದ್ಧ ಬಟ್ಟೆ ವ್ಯಾಪಾರಿಗಳು ನಮ್ಮನ್ನು ಕುಳ್ಳಿರಿಸಿ ಚಾ ತರಿಸಿ, ತಮ್ಮ ಮೊಮ್ಮಗನು ಅಲ್ಲಿ ಮೊದಲ ಹೆಜ್ಜೆಯಿಟ್ಟುದನ್ನು ತಾವು ಇಲ್ಲಿಯೇ ಕುಳಿತು ಕಂಡ ಸಂತೋಷವನ್ನು ಹೇಳಿಕೊಂಡರು. ಆ ಮೇಲೆ ಸ್ವಲ್ಪ ತಡೆದು, “ಆದರೆ ಮಾಸ್ತರರೆ, ಮಗುವಿನ ಮುಖ ನೋಡುವುದು ಹತ್ತು ನಿಮಿಷ. ಆಮೇಲೆ ಎರಡು ತಾಸು ಅದು ಕೈಯಲ್ಲಿಯೇ ಉಳಿದುಬಿಡುತ್ತದೆ. ಏನು ನೋಡಿದಿರಿ ಎಂದು ಮನೆಯವಳು ಕೇಳಿದರೆ ಹೇಳಲಿಕ್ಕೆ ಬರುವುದಿಲ್ಲ,” ಎಂದರು. ಈ ಇಡೀ ಪ್ರಯಾಣದಲ್ಲಿ ನಾವು ಕೇಳಿದ ಮಾತುಗಳೊಳಗೆ ಇದಕ್ಕಿಂತ ಪ್ರಾಮಾಣಿಕವಾದುದು ಇನ್ನೊಂದಿಲ್ಲ.

ನಾವು ‘ವ್ಯಸನ’ವೆಂಬ ಶಬ್ದವನ್ನು ಇಂದು ಸಡಿಲವಾಗಿ ಬಳಸುವೆವು. ‘ವಿ’ ಎಂಬ ಉಪಸರ್ಗದ ಮುಂದೆ ಎಸೆಯುವುದೆಂಬ ಅರ್ಥದ ‘ಅಸ್’ ಧಾತು ಸೇರಿ ಆದ ಶಬ್ದವದು. ಮನುಷ್ಯನನ್ನು ಅವನ ಶ್ರೇಯಸ್ಸಿನಿಂದ ಆಚೆಗೆ ಎಸೆಯುವುದು ವ್ಯಸನ. ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿ ರಾಜನು ಬಿಡಬೇಕಾದ ವ್ಯಸನಗಳ ಗಣನೆಯುಂಟು: ಕಾಮದಿಂದ ಹುಟ್ಟಿದವು ಹತ್ತು, ಕ್ರೋಧದಿಂದ ಹುಟ್ಟಿದವು ಎಂಟು. ಜೂಜು, ಹಗಲುನಿದ್ದೆ, ಪರನಿಂದೆ, ಹಾಡು ಕುಣಿತಗಳ ಅತಿಯಾಸೆ, ಸುಮ್ಮನೆ ಅಲೆಯುವುದು ಮೊದಲನೆಯ ಗುಂಪಿನವು. ಚಾಡಿ, ಈರ್ಷ್ಯೆ, ಅಸೂಯೆ, ಮಾತಿನ ಕಾಠಿಣ್ಯ ಎರಡನೆಯ ಗುಂಪಿನವು. ಅಂದು ಈ ಹದಿನೆಂಟನ್ನೂ ಸಾಧಿಸಬೇಕಾದರೆ ಅರಸನಿಗೆ ಅರಮನೆ, ಸಂಪತ್ತು, ಪರಿವಾರಗಳೆಲ್ಲ ಬೇಕಾಗಿದ್ದವು. ಈಗ ಒಬ್ಬ ಸಾಮಾನ್ಯ ಗುಮಾಸ್ತನು ಕುರ್ಚಿಯಿಂದ ಏಳದೆ ಅವುಗಳಲ್ಲಿ ಹೆಚ್ಚಿನವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಬಲ್ಲನು. ಬೇಟೆಯೊಂದು ಉಳಿಯಿತೆಂದುಕೊಂಡಿದ್ದೆವು, ಹುಡುಗರು ಅದನ್ನೂ ಪರದೆಯ ಮೇಲೆ ಆಡುವರೆಂದು ತಿಳಿಯಬಂದಿತು.

ಮುರುಡೇಶ್ವರದಲ್ಲಿ 123 ಅಡಿಯ ಶಿವನ ಮೂರ್ತಿಯ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಬಂದವರಲ್ಲಿ ಬಹುಮಂದಿ ದೇವರಿಗೆ ಬೆನ್ನು ತಿರುಗಿಸಿ ತಮ್ಮ ಮುಖವನ್ನೇ ತಾವು ನೋಡಿಕೊಳ್ಳುತ್ತಿದ್ದರೆಂದು ಹೇಳಿದರೆ ಸಾಕು.

ಅಲ್ಲಿಂದ ಬಸ್ಸು ಹಿಡಿದು ಮಂಕಿ, ಕಾಸರಕೋಡಿನ ಮಾರ್ಗವಾಗಿ ಶರಾವತಿಯ ಸೇತುವೆಗೆ ಬಂದೆವು. ಜೋಗದಲ್ಲಿ ಹಾರಿದ ಹೊಳೆಯು ಇಲ್ಲಿ ಹರವಾಗಿ, ಮೆಲ್ಲನೆ, ಕಡಲಿನ ಉಪ್ಪನ್ನು ಬೆರೆಸಿಕೊಂಡು ನಿಂತಂತೆ ಕಾಣುವುದು. ಕೊಂಕಣ ರೈಲುಮಾರ್ಗದ ಸೇತುವೆಗಳಲ್ಲಿ ಎಲ್ಲಕ್ಕೂ ಉದ್ದವಾದುದು ಈ ಹೊಳೆಗೆ ಕಟ್ಟಿದುದೇ; ಎರಡು ಕಿಲೋಮೀಟರಿಗೂ ಮಿಕ್ಕು ಇದೆ. ಬಸ್ಸಿನಲ್ಲಿ ನಮ್ಮೊಡನೆ ನಲವತ್ತು ಜನರಾದರೂ ಇದ್ದಿರಬೇಕು. ಹೊಳೆಯನ್ನು ನೋಡಿದವರು ನಾವೂ, ಚಾಲಕರೂ, ತಾಯಿಯ ಮಡಿಲಲ್ಲಿ ನಿಂತಿದ್ದ ಒಂದು ಕೂಸೂ. ಕೂಸು ಹೊಳೆಯತ್ತ ಕೈತೋರಿಸಿ ತಾಯಿಯ ಗಲ್ಲವನ್ನು ಎರಡು ಮೂರು ಸಲ ಎಳೆಯಿತು. ಆಕೆ “ಹ್ಞೂಂ, ನೀರು,” ಎಂದರು, ಕಣ್ಣೆತ್ತಲಿಲ್ಲ. ಆ ತಾಯಿಯನ್ನು ದೂರುವುದು ನಮ್ಮ ಉದ್ದೇಶವಲ್ಲ. ಬೆಳಗ್ಗೆ ನಾಲ್ಕಕ್ಕೆ ಎದ್ದು ದಿನವಿಡೀ ದುಡಿದವರಿಗೆ ಬಸ್ಸಿನಲ್ಲಿ ಸಿಗುವುದೊಂದೇ ಬಿಡುವಾಗಿರಬಹುದು. ಅದನ್ನು ಹೀಗೆ ಹಿಡಿದುಕೊಂಡುಹೋದವರು ಯಾರೆಂಬುದು ನಮ್ಮ ಪ್ರಶ್ನೆ.

ಹೊನ್ನಾವರಕ್ಕೆ ಸಲ್ಲಬೇಕಾದ ಒಂದು ಕೀರ್ತಿಯನ್ನು ಅಧ್ಯಾಪಕ ವೃತ್ತಿಯಲ್ಲಿದ್ದವರು ಹೇಳದೆ ಹೋಗಲಾಗದು. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತನೆಂಬ ಅರಬ್ಬೀ ಪ್ರವಾಸಿಯು ಈ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದುದನ್ನು ಕಂಡು, ಇಂಥದನ್ನು ಬೇರೆಲ್ಲಿಯೂ ನೋಡಲಿಲ್ಲವೆಂದು ಬರೆದಿಟ್ಟಿರುವನು. ಆ ಕಾಲಕ್ಕೆ ಅದೊಂದು ಆಶ್ಚರ್ಯವೇ ಸರಿ.

ಇದೇ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯುಂಟು. ನಾವು ಬಾಲಕರಾಗಿದ್ದಾಗ ಈ ಸೀಮೆಯಲ್ಲಿ ಆಟವೆಂದರೆ ಹುಚ್ಚು. ಇಬ್ಬನಿಯಲ್ಲಿ ಕಂಬಳಿ ಹೊದ್ದು ಬೆಳಗಿನವರೆಗೆ ಕುಳಿತು, ಮರುದಿನ ತರಗತಿಯಲ್ಲಿ ತೂಕಡಿಸಿ ಏಟು ತಿಂದವರು ಬೇಕಾದಷ್ಟು ಮಂದಿ. ಹುಡುಗರು ಆಟ ನೋಡಿ ಕೆಟ್ಟರೆಂದು ಹಿರಿಯರು ಆಗಲೂ ಗೊಣಗುತ್ತಿದ್ದರು. ಆದಕಾರಣ, ಹೊಸದೆಲ್ಲವೂ ಕೆಟ್ಟದ್ದೆಂದು ಹೇಳುವ ಮುದುಕರ ಸಾಲಿಗೆ ನಮ್ಮನ್ನೂ ಸೇರಿಸಲು ವಾಚಕರಿಗೆ ಕಾರಣವುಂಟು. ಆದರೆ ಒಂದು ಭೇದವನ್ನು ಗಮನಿಸಬೇಕು. ಆಟಕ್ಕೆ ಮಂಗಳವಿತ್ತು. ಭಾಗವತರು ಕೊನೆಯ ಪದವನ್ನು ಹಾಡಿದರೆ ಚೆಂಡೆ ನಿಲ್ಲುತ್ತಿತ್ತು, ದೀಪ ಆರುತ್ತಿತ್ತು, ಜನರು ಚಾಪೆ ಸುತ್ತಿಕೊಂಡು ಏಳುತ್ತಿದ್ದರು. ದಾರಿಯುದ್ದಕ್ಕೂ ಕೌರವನದು ಸರಿಯೋ ಭೀಮನದು ಸರಿಯೋ ಎಂಬ ಚರ್ಚೆ ನಡೆಯುತ್ತಿತ್ತು. ಈಗಿನ ಆಟಕ್ಕೆ ಮಂಗಳವಿಲ್ಲ. ಅದನ್ನು ಬುದ್ಧಿಪೂರ್ವಕವಾಗಿಯೇ ತೆಗೆದುಹಾಕಿರುವರು. ಹಿಂದೆ ಪರದೆಯ ಪುಟವು ಕೆಳಕ್ಕೆ ಮುಟ್ಟಿದಾಗ ಮುಂದಿನ ಪುಟವನ್ನು ನಾವು ಕೇಳಬೇಕಾಗಿತ್ತು. ಕೇಳುವ ಆ ಗಳಿಗೆಯಲ್ಲಿ, ‘ಇನ್ನು ಸಾಕು’ ಎಂದುಕೊಳ್ಳಲು ಎಡೆಯಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ಅಮೆರಿಕದ ತಂತ್ರಜ್ಞರು ಪುಟವು ಮುಗಿಯದೆ ತಾನಾಗಿ ಬೆಳೆಯುತ್ತ ಹೋಗುವ ಉಪಾಯವನ್ನು ರಚಿಸಿದರು. ಮುಂದೆ ಅವರೇ ತಮ್ಮ ರಚನೆಗಾಗಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಅಷ್ಟರಲ್ಲಿ ಅದು ಲೋಕವನ್ನೆಲ್ಲ ವ್ಯಾಪಿಸಿತ್ತು.

ಎರಡನೆಯ ಉಪಾಯವು ಜೂಜಿನದು. ಋಗ್ವೇದದ ಅಕ್ಷಸೂಕ್ತದಲ್ಲಿ ಜೂಜುಗಾರನ ಪ್ರಲಾಪವುಂಟೆಂಬುದನ್ನು ಅನೇಕರು ಬಲ್ಲರು. ಹೆಂಡತಿ ತೊರೆದರೂ ಸಾಲ ಬೆಳೆದರೂ ಅವನು ದಾಳದ ಬಳಿಗೇ ಹೋಗುವನು. ದಾಳವು ಪ್ರತಿಸಲವೂ ಗೆಲುವು ಕೊಟ್ಟರೆ ಯಾರಿಗೂ ಹುಚ್ಚು ಹಿಡಿಯಲಾರದು. ಒಮ್ಮೆಯೂ ಕೊಡದಿದ್ದರೆ ಕೈಬಿಟ್ಟು ಏಳುವರು. ಯಾವಾಗ ಕೊಡುವುದೆಂದು ತಿಳಿಯದಿರುವುದೇ ಕಟ್ಟಿಹಾಕುವ ಹಗ್ಗ. ಕಳೆದ ಶತಮಾನದಲ್ಲಿ ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರು ಪಾರಿವಾಳಗಳಿಗೆ ನಿಯಮವಿಲ್ಲದೆ ಕಾಳು ಕೊಟ್ಟು ಇದೇ ತತ್ತ್ವವನ್ನು ಪ್ರಯೋಗದಿಂದ ತೋರಿಸಿದರು. ಯಾವ ಕುಟುಕಿಗೆ ಕಾಳು ಬೀಳುವುದೆಂದು ತಿಳಿಯದ ಹಕ್ಕಿಯು ಕುಟುಕುತ್ತಲೇ ಇರುವುದು. ಹತ್ತು ಸಲ ಮೊಬೈಲು ತೆರೆದರೆ ಒಂಬತ್ತು ಸಲ ಏನೂ ಇರುವುದಿಲ್ಲ. ಹತ್ತನೆಯ ಸಲ ಯಾರೋ ಮೆಚ್ಚಿರುವರು. 2009ರಲ್ಲಿ ಫೇಸ್‌ಬುಕ್ಕಿಗೆ ಬಂದ ಮೆಚ್ಚುಗೆಯ ಹೆಬ್ಬೆರಳು ಈ ಕಾಳಿನ ಕೆಲಸವನ್ನೇ ಮಾಡುವುದು. ನಮ್ಮ ನೋಟವೇ ಅವರ ಸರಕು. ನಾವು ಹೆಚ್ಚು ಹೊತ್ತು ನೋಡಿದಷ್ಟೂ ಜಾಹೀರಾತಿನವರಿಂದ ಅವರಿಗೆ ಹಣ. 2021ರಲ್ಲಿ ಆ ಸಂಸ್ಥೆಯನ್ನು ಬಿಟ್ಟು ಬಂದ ಫ್ರಾನ್ಸಿಸ್ ಹಾಗನ್ ಎಂಬಾಕೆಯು ಹೊರಗಿಟ್ಟ ಕಾಗದಗಳಿಂದ, ಇನ್‌ಸ್ಟಾಗ್ರಾಮು ಹದಿಹರೆಯದ ಕೆಲವು ಹೆಣ್ಣುಮಕ್ಕಳಲ್ಲಿ ತಮ್ಮ ರೂಪದ ವಿಷಯವಾದ ಕೊರಗನ್ನು ಹೆಚ್ಚಿಸುವುದೆಂಬುದು ಸಂಸ್ಥೆಯ ಒಳಗಿನವರಿಗೇ ತಿಳಿದಿತ್ತೆಂದು ಲೋಕಕ್ಕೆ ಗೊತ್ತಾಯಿತು.

ಮಕ್ಕಳ ಮಾತನ್ನು ಎಲ್ಲರೂ ಆಡುವರು. ನಾವು ಈ ಕರಾವಳಿಯಲ್ಲಿ ಕಂಡುದು ಬೇರೆ. ಇಲ್ಲಿ ದೊಡ್ಡ ಅನಾಹುತವಾದುದು ಮಕ್ಕಳ ಚಟದಿಂದಲ್ಲ.

ಹೊನ್ನಾವರದಲ್ಲಿ ತಾವಾಗಿ ಯಾರೂ ಎತ್ತದ, ಕೇಳಿದರೆ ಮಾತ್ರ ದನಿಯಿಳಿಸಿ ಹೇಳುವ ವಿಷಯವೊಂದುಂಟು. 2017ರ ಡಿಸೆಂಬರ್ 6ರಂದು ಆ ಪಟ್ಟಣದಲ್ಲಿ ಎರಡು ಕೋಮಿನವರ ನಡುವೆ ಗಲಭೆಯಾಯಿತು. ಅಂದಿನಿಂದ ಕಾಣದೆ ಹೋಗಿದ್ದ ತರುಣನೊಬ್ಬನ ದೇಹವು 8ರಂದು ಶೆಟ್ಟಿಕೆರೆಯಲ್ಲಿ ಸಿಕ್ಕಿತು. ಎದೆಯೆತ್ತರ ಬೆಳೆದ ಮಗನನ್ನು ಕಳೆದುಕೊಂಡ ಮನೆಯ ದುಃಖವನ್ನು ನಾವು ಇಲ್ಲಿ ಅಳೆಯಹೊರಟಿಲ್ಲ. ಆದರೆ ಚಿತೆಯ ಬೂದಿ ಆರುವುದರೊಳಗಾಗಿ, ಅವನನ್ನು ಹೇಗೆ ಹೇಗೆ ಹಿಂಸಿಸಿ ಕೊಂದರೆಂಬ ಘೋರವಾದ ವರ್ಣನೆಗಳು ವಾಟ್ಸಾಪು, ಫೇಸ್‌ಬುಕ್ಕುಗಳಲ್ಲಿ ಜಿಲ್ಲೆಯ ಮನೆಮನೆಯನ್ನೂ ಹೊಕ್ಕವು. ಆ ವರ್ಣನೆಗಳಲ್ಲಿ ಹೇಳಿದಂಥ ಚಿತ್ರಹಿಂಸೆಯ ಗುರುತುಗಳು ದೇಹದ ಮೇಲೆ ಇರಲಿಲ್ಲವೆಂದು ಪರೀಕ್ಷೆ ಮಾಡಿದ ಮಣಿಪಾಲದ ವೈದ್ಯರು ಉತ್ತರ ಕೊಟ್ಟರು. ಪೊಲೀಸರು ಆ ಉತ್ತರವನ್ನು ಪ್ರಕಟಿಸಿದರು. ಅದನ್ನು ಓದುವ ವ್ಯವಧಾನ ಯಾರಿಗಿತ್ತು? 11ರಂದು ಕುಮಟೆಯ ಬೀದಿಗಳಲ್ಲಿ ಕಲ್ಲುಗಳು ಹಾರಿದವು, ಪೊಲೀಸು ಐ.ಜಿ.ಯವರ ವಾಹನವೇ ಸುಟ್ಟು ಕರಿಯಾಯಿತು. ಮರುದಿನ ಘಟ್ಟದ ಮೇಲಣ ಶಿರಸಿಗೂ ಗಲಭೆ ಹಬ್ಬಿತು. ಅನೇಕ ತರುಣರ ಮೇಲೆ ಮೊಕದ್ದಮೆಗಳು ಬಿದ್ದವು. ಪ್ರಕರಣವು ಸಿ.ಬಿ.ಐ.ಗೆ ಹೋಯಿತು. ಅವರು 2022ರ ಅಕ್ಟೋಬರಿನಲ್ಲಿ ಹೊನ್ನಾವರದ ನ್ಯಾಯಾಲಯಕ್ಕೆ ಒಪ್ಪಿಸಿದ ವರದಿಯಲ್ಲಿ, ಅದು ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿ ಆದ ಮರಣವೆಂದು ಹೇಳಿದರು. ಆ ವರದಿಯನ್ನು ಒಪ್ಪದವರೂ ಇರುವರು. ಅಂಥವರಿಗೂ ಒಂದು ಲೆಕ್ಕವನ್ನು ಒಪ್ಪಿಸಬಹುದು: ವದಂತಿಯು ಕೆರೆಯ ದಂಡೆಯಿಂದ ಕುಮಟೆಯ ಬೆಂಕಿಗೆ ಬಂದುದು ಮೂರು ದಿನಗಳಲ್ಲಿ; ತನಿಖೆಯು ಒಂದು ನಿರ್ಣಯಕ್ಕೆ ಬಂದುದು ನಾಲ್ಕು ವರ್ಷ ಹತ್ತು ತಿಂಗಳಲ್ಲಿ.

ಕುಮಟೆಯಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ಅಂಗಡಿಯಿಟ್ಟಿರುವನು. ಈಗ ಎರಡು ಮಕ್ಕಳ ತಂದೆ, ಊರಿನಲ್ಲಿ ಒಳ್ಳೆಯ ಹೆಸರುಳ್ಳವನು. ಅಂಗಡಿಯ ಬಾಗಿಲು ಹಾಕಿದ ಮೇಲೆ ಆ ದಿನಗಳ ಮಾತು ಬಂದಿತು.

“ಮಾಸ್ತರೆ, ಅದರಲ್ಲಿ ಒಂದಕ್ಷರವನ್ನೂ ನಾನು ಬರೆದದ್ದಲ್ಲ. ಬಂದದ್ದನ್ನು ಮುಂದೆ ಕಳಿಸಿದ್ದು, ಅಷ್ಟೇ,” ಎಂದನು.

“ಓದಿ ಕಳಿಸಿದೆಯೋ?”

ಬಹಳ ಹೊತ್ತು ಸುಮ್ಮನಿದ್ದನು. “ಹೇಳಲಿಕ್ಕೆ ಬರುವುದಿಲ್ಲ. ಎಂಟು ಹತ್ತು ಗುಂಪುಗಳು. ಒಂದರಲ್ಲಿ ಬಂದದ್ದು ಇನ್ನೊಂದಕ್ಕೆ ಮೊದಲು ಯಾರು ಹಾಕುತ್ತಾರೆ ಅನ್ನುವುದೇ ಒಂದು ಪಂದ್ಯದ ಹಾಗೆ ಇತ್ತು. ರಾತ್ರಿ ಎಚ್ಚರವಾದರೆ ಕೈ ತಾನಾಗಿ ದಿಂಬಿನ ಅಡಿಗೆ ಹೋಗುತ್ತಿತ್ತು. ಪಕ್ಕದ ಮನೆಯ ಹುಡುಗ ಹನ್ನೊಂದನೆಯ ತಾರೀಕು ಬೀದಿಗೆ ಹೋಗಿ ಕೇಸಿನಲ್ಲಿ ಸಿಕ್ಕಿಕೊಂಡ, ಮಾಸ್ತರೆ. ಕಾಲೇಜು ಬಿಟ್ಟು ಕೋರ್ಟಿಗೆ ಅಲೆದ. ಅವನಿಗೆ ಆ ಫೋಟೋ ಮೊದಲು ಹೋದದ್ದು ನನ್ನಿಂದಲೋ ಏನೋ. ಅವನ ತಾಯಿ ಈಗಲೂ ನಮ್ಮ ಅಂಗಡಿಗೇ ಬರುತ್ತಾರೆ.”

ವ್ಯಾಕರಣದಲ್ಲಿ ಕರ್ತೃವನ್ನು ಹೇಳಿದ ಕೂಡಲೇ ಪಾಣಿನಿಯು ಪ್ರಯೋಜಕನನ್ನು ಹೇಳುವನು. ಕೆಲಸವನ್ನು ತಾನು ಮಾಡದೆ ಇನ್ನೊಬ್ಬನಿಂದ ಮಾಡಿಸುವವನು ಪ್ರಯೋಜಕ. ಅವನಿಗೂ ಶಾಸ್ತ್ರವು ಕರ್ತೃವೆಂಬ ಸಂಜ್ಞೆಯನ್ನೇ ಕೊಟ್ಟಿರುವುದು. ಇದನ್ನು ಶಿಷ್ಯನಿಗೆ ಒಂದು ಕಾಲದಲ್ಲಿ ಹಲಗೆಯ ಮೇಲೆ ಬರೆದು ಕಲಿಸಿದ್ದೆವು. ಆ ರಾತ್ರಿ ಮತ್ತೆ ಕಲಿಸುವ ಅಗತ್ಯ ತೋರಲಿಲ್ಲ.

ಇಂಥದು ಈ ಜಿಲ್ಲೆಯೊಂದರ ಹಣೆಬರಹವಲ್ಲ. 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪಿನ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ತರುಣನೊಬ್ಬನನ್ನು ಬಡಿದು ಕೊಂದಿತು. ದೇಶದ ಬೇರೆ ಕಡೆಗಳಲ್ಲಿಯೂ ಆ ವರ್ಷ ಹಾಗೆಯೇ ಜೀವಗಳು ಹೋದವು. ಅದೇ ತಿಂಗಳಲ್ಲಿ ವಾಟ್ಸಾಪಿನವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ದೂಡಲಾಗದಂತೆ ಮಾಡುವುದಾಗಿ ಸಾರಿದರು. 2020ರಲ್ಲಿ, ಬಹಳ ಕೈ ದಾಟಿ ಬಂದ ಸಂದೇಶಕ್ಕೆ ಒಂದೇ ಕಡೆಯೆಂದು ಬಿಗಿಗೊಳಿಸಿದರು. ಕಂಪೆನಿಯು ಹಾಕಿದ ಬೇಲಿಯನ್ನು ನಾವು ಮೆಚ್ಚಬಹುದು. ಆದರೆ ಐದೈದಾಗಿ ಐವತ್ತು ಸಲ ಕಳಿಸುವ ಪುಣ್ಯಾತ್ಮರನ್ನೂ ನಾವು ಬಲ್ಲೆವು. ಆಸ್ಟ್ರೇಲಿಯಾದ ಸರಕಾರವು 2024ರಲ್ಲಿ 16 ವರ್ಷದೊಳಗಿನವರು ಈ ಜಾಲತಾಣಗಳಲ್ಲಿ ಖಾತೆ ಹೊಂದಬಾರದೆಂದು ಶಾಸನ ಮಾಡಿತು. ಅರುವತ್ತು ವರ್ಷ ಮೀರಿದವರಿಗೆ ಯಾವ ಸರಕಾರವೂ ಶಾಸನ ಮಾಡಿಲ್ಲ. ನಮ್ಮ ವಯಸ್ಸಿನವರ ಕೈಯಲ್ಲಿ ಕಾಲವೂ ಹೆಚ್ಚು, ಕೇಳುವವರೂ ಕಡಿಮೆ. ‘ದೊಡ್ಡವರು ಕಳಿಸಿದ್ದು’ ಎಂದು ಕಿರಿಯರು ನಂಬುವುದೂ ಉಂಟು. ಚಟವು ಕೈಮೀರಿದೆಯೆಂದು ತೋರಿದವರು ವೈದ್ಯರ ಬಳಿಗೆ ಹೋಗಲು ನಾಚಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ 2014ರಿಂದ ಇದಕ್ಕಾಗಿಯೇ ‘ಷಟ್’ ಎಂಬ ಚಿಕಿತ್ಸಾಲಯವನ್ನು ನಡೆಸುತ್ತ ಬಂದಿರುವರು; ಮನಸ್ಸಿನ ತೊಂದರೆಗಳಿಗೆಂದು ಸರಕಾರವು ಏರ್ಪಡಿಸಿರುವ 14416 ಎಂಬ ದೂರವಾಣಿಗೆ ಕರೆಮಾಡಿದರೆ ಮನೆಯಿಂದಲೇ ಸಲಹೆ ದೊರೆಯುವುದು.

ಪ್ರಯಾಣದ ಕೊನೆಯ ಎರಡು ದಿನಗಳನ್ನು ಕುಮಟೆ ತಾಲೂಕಿನಲ್ಲಿಯೇ, ಅಘನಾಶಿನಿಯ ತಡಿಯಲ್ಲಿರುವ ಬಂಧುಗಳ ಮನೆಯಲ್ಲಿ ಕಳೆದೆವು. ಈ ಹೊಳೆಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಭರತದಲ್ಲಿ ಕಡಲು ಬಹಳ ದೂರ ಒಳಕ್ಕೆ ಬರುವುದು. ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗವೆಂಬ ಭತ್ತವನ್ನು ಬೆಳೆಯುವರು. ಉಪ್ಪುನೀರನ್ನು ತಾಳಿಕೊಳ್ಳುವ ಅಪೂರ್ವವಾದ ತಳಿಯದು, ಗೊಬ್ಬರವನ್ನೂ ಬೇಡುವುದಿಲ್ಲ. ಗದ್ದೆಗೂ ಹೊಳೆಗೂ ನಡುವೆ ಮಣ್ಣಿನ ಕಟ್ಟೆ. ಕಟ್ಟೆಯಲ್ಲಿ ಹಲಗೆಯ ಬಾಗಿಲು. ಭರತ ಇಳಿತಗಳ ಹೊತ್ತು ನೋಡಿ ಬಾಗಿಲನ್ನು ಎತ್ತುವರು, ಇಳಿಸುವರು. ಬಾಗಿಲು ಕಾಯುವವನು ಒಂದು ರಾತ್ರಿ ಮೈಮರೆತರೆ ಕಟ್ಟೆಯೇ ಒಡೆದೀತೆಂದು ಮನೆಯ ಯಜಮಾನರು ಹೇಳಿದರು.

ಆ ಮನೆಯಲ್ಲಿ ಒಂದು ಪದ್ಧತಿಯನ್ನು ಕಂಡೆವು. ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಎಲ್ಲರ ಮೊಬೈಲುಗಳೂ ಭತ್ತ ಅಳೆಯುವ ಹಿತ್ತಾಳೆಯ ಕೊಳಗವನ್ನು ಸೇರುವುವು. ಊಟ ಮುಗಿದು ಎಲೆ ಎತ್ತುವವರೆಗೆ ಯಾರೂ ಮುಟ್ಟುವಂತಿಲ್ಲ. ಇದನ್ನು ತಂದವರು ಮನೆಯ ಸೊಸೆ. ಮೊದಲು ಮಕ್ಕಳಿಗೆ ಮಾತ್ರ ಈ ಕಟ್ಟಳೆಯನ್ನು ಹಾಕಿದ್ದರಂತೆ. “ಅವರು ಅಜ್ಜನ ಕಡೆಗೆ ಬೆರಳು ತೋರಿಸುತ್ತಿದ್ದರು. ಮಾವನವರಿಗೆ ಹೇಳುವುದು ಹೇಗೆ?” ಎಂದು ಆಕೆ ನಕ್ಕರು. ಕೊನೆಗೆ ಮಾವನವರಿಗೆ ಯಾರೂ ಹೇಳಬೇಕಾಗಿ ಬರಲಿಲ್ಲ. ಸಕ್ಕರೆ ಕಾಯಿಲೆಗೆ ಯಾವುದೋ ಬೇರಿನ ಕಷಾಯವು ಸಾಕು, ಗುಳಿಗೆ ಬೇಡವೆಂಬ ಸಂದೇಶವನ್ನು ಅವರು ತಮ್ಮ ತಂಗಿಗೆ ಕಳಿಸಿದ್ದರು. ಅಣ್ಣ ಕಳಿಸಿದ್ದೆಂದು ಆಕೆ ಗುಳಿಗೆ ಬಿಟ್ಟು, ಹದಿನೈದು ದಿನಗಳಲ್ಲಿ ಆಸ್ಪತ್ರೆಯನ್ನು ಸೇರಿದರು. ಜೀವ ಉಳಿಯಿತು. ಆಸ್ಪತ್ರೆಯಿಂದ ಹಿಂತಿರುಗಿದ ಸಂಜೆ ಯಜಮಾನರು ತಾವೇ ಹೋಗಿ ಮೊಬೈಲನ್ನು ಕೊಳಗದಲ್ಲಿಟ್ಟರಂತೆ. ಮೊದಲ ವಾರ ಮನೆಯಲ್ಲಿ ಎಲ್ಲರಿಗೂ ಸಿಡುಕು. ಒಂದೇ ಪತ್ರಿಕೆಯನ್ನು ಅವರು ಎರಡೆರಡು ಸಲ ಓದಿದರು. ಮೊಮ್ಮಗನು ಮಾತಿಗೆ ಮಾತಿಗೆ ಗಡಿಯಾರ ನೋಡಿದನು. ಈಗಲೂ ಆ ಮನೆಯು ನಂದಗೋಕುಲವೇನೂ ಆಗಿಲ್ಲ. ಕೊಳಗದಿಂದ ಮೊಬೈಲು ಹೊರಬಿದ್ದ ಕೂಡಲೇ ಮಕ್ಕಳು ಮೂಲೆ ಹಿಡಿಯುವುದನ್ನು ನಾವೇ ನೋಡಿದೆವು.

ಅಂದು ಊಟಕ್ಕೆ ಕುಳಿತಾಗ ಕೊಳಗದೊಳಗಿನ ಒಂದು ಮೊಬೈಲು ಬಾರಿಸತೊಡಗಿತು. ಹಿತ್ತಾಳೆಯ ಪಾತ್ರೆಯಾದುದರಿಂದ ಸದ್ದು ದೊಡ್ಡದು. ಎಲ್ಲರ ಕೈಯೂ ತಡೆಯಿತು. “ಬೆಂಗಳೂರಿನಿಂದಲೋ ಏನೋ,” ಎಂದು ಮನೆಯ ಅಮ್ಮ ಮೆಲ್ಲಗೆ ಅಂದರು. ಹಿರಿಯ ಮಗನು ಅಲ್ಲಿರುವನು. ಅವಸರವಿದ್ದವರು ಬೆನ್ನಿಗೇ ಎರಡನೆಯ ಸಲ ಕರೆಯಬೇಕು, ಆಗ ಮಾತ್ರ ಏಳಬಹುದೆಂದು ಆ ಮನೆಯವರೂ ಬಂಧುಗಳೂ ಒಪ್ಪಿಕೊಂಡಿರುವರಂತೆ. ಸದ್ದು ನಿಂತಿತು. ಕಿರಿಯ ಹುಡುಗಿಯು ಬೆರಳು ಮಡಿಸಿ ಎಣಿಸುತ್ತಿದ್ದಳು. ಅಜ್ಜನು ಕೊಳಗವನ್ನು ನೋಡದಿರುವಂತೆ ಗೋಡೆಯನ್ನು ನೋಡುತ್ತಿದ್ದರು. ಎರಡನೆಯ ಸಲ ಬಾರಿಸಲಿಲ್ಲ. ಸೊಸೆಯು ಕಗ್ಗದ ಅಕ್ಕಿಯ ಕೆಂಪನ್ನವನ್ನು ಇನ್ನೊಮ್ಮೆ ತಂದು, ನಮ್ಮ ಎಲೆಗೆ ಬಡಿಸಿದರು.